ಉಬ್ಬೆ ಮಳೆಯಲ್ಲಿ ಇನ್ನೊಂದ್ ಸಲ ಬನ್ನಿ

ಗಿಡಮರ, ಪ್ರಾಣಿಪಕ್ಷಿಗಳ ಪಟ್ಟಿ ಮಾಡಿಕೊಡಲು ಬೆಂಗಳೂರಿನ ಕಂಪನಿಗಳು ನಮ್ಮಂಥವರನ್ನು ಕರೆಯುತ್ತಿದ್ದದ್ದು ಹೆಚ್ಚಾಗಿ ಬೇಸಿಗೆಯಲ್ಲೇ. ಸಂಕ್ರಾಂತಿ ಕಳೆದು ಯುಗಾದಿ ಬರುವುದರೊಳಗೆ ಜಾಗ ಸುತ್ತಿ, ಪಟ್ಟಿ ಬರೆದು, ವರದಿ ಒಪ್ಪಿಸಿಬಿಡಬೇಕು. ಆ ಹೊತ್ತಿಗೆ ದಾರಿ ಒಣಗಿರುತ್ತದೆ, ಜೀಪು ಬದುವಿನವರೆಗೂ ಹೋಗುತ್ತದೆ, ಹುಲ್ಲು ಸುಟ್ಟು ಕಾಲಿಡಲು ಜಾಗವಿರುತ್ತದೆ. ಜೊತೆಗೆ ಒಂದು ರೂಢಿಯೂ ಇತ್ತು. ಪರಿಸರ ಪರಿಣಾಮ ಅಧ್ಯಯನದ ಬಗ್ಗೆ 2006ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ ಬಂದ ಮೇಲೆ, ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಕೊಟ್ಟರೆ ಸಾಕು ಎಂದು ಎಲ್ಲರೂ ನಡೆದುಕೊಳ್ಳುತ್ತಿದ್ದರು. ಗಾಳಿಯಲ್ಲಿ ಎಷ್ಟು ಧೂಳಿದೆ ಎಂದು ಅಳೆಯುವವರಿಗೆ ಅದು ಸರಿ. ಮಳೆ ಬಂದರೆ ಧೂಳೆಲ್ಲ ತೊಳೆದುಹೋಗಿ ಅಳತೆಗೆ ಅರ್ಥವಿರುವುದಿಲ್ಲ. ಆದರೆ ಅದೇ ಗಡುವು ಗಿಡಗಳಿಗೂ ಕಪ್ಪೆಗಳಿಗೂ ಅಂಟಿಕೊಂಡುಬಿಟ್ಟಿತು. ಬೆಂಗಳೂರಿನ ಪಶ್ಚಿಮಕ್ಕಿರುವ ಕುರುಚಲು ನೆಲದಲ್ಲಿ ಅಪರೂಪದ್ದು ಎನ್ನುವಂಥದ್ದು ಏನೇನಿದೆಯೋ ಅದರಲ್ಲಿ ಬಹುಪಾಲು ಮಾರ್ಚ್ ತಿಂಗಳಲ್ಲಿ ನೆಲದ ಕೆಳಗಿರುತ್ತದೆ. ಇದನ್ನು ನನಗೆ ಬಿಡಿಸಿ ಹೇಳಿದವರು ಕೆಂಗೇರಿಯಾಚೆ ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯರು.

ನಾನು ಬೆಳೆದದ್ದು ವಿಜಯನಗರದಲ್ಲಿ, ಓದಿದ್ದು ಜ್ಞಾನಭಾರತಿಯಲ್ಲಿ. ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1964ರಲ್ಲಿ. 1973ರಲ್ಲಿ ಅದು ಊರಿನಿಂದ ಹೊರಗೆ, ಮೈಸೂರು ರಸ್ತೆಯ ಮಗ್ಗುಲಿನ ಸಾವಿರ ಎಕರೆಗೂ ಮಿಕ್ಕ ನೆಲಕ್ಕೆ ಬಂತು. ತೊಂಬತ್ತರ ದಶಕದ ನಡುವಿನಲ್ಲಿ ನಾವು ಸಸ್ಯಶಾಸ್ತ್ರದ ಎಂ.ಎಸ್‌ಸಿ. ಮಾಡುವಾಗ ಅಲ್ಲಿ ಕಟ್ಟಡಗಳಿಗಿಂತ ಕಗ್ಗಲಿ, ತುಗ್ಗಲಿ, ಬಿಳಿಜಾಲಿಗಳೇ ಹೆಚ್ಚು. ಮಧ್ಯಾಹ್ನದ ತರಗತಿ ನಡೆಯುವಾಗ ಕಿಟಕಿಯಾಚೆ ಗೌಜಲು ಹಕ್ಕಿ ಕೂಗುತ್ತಿತ್ತು. ಆವರಣದೊಳಗೆ ಹರಿಯುವ ಹಳ್ಳ ಮುಂದೆ ವೃಷಭಾವತಿಗೆ ಸೇರುತ್ತದೆ. ರಾಜಾಜಿನಗರ, ವಿಜಯನಗರಗಳ ಬಚ್ಚಲ ನೀರನ್ನೆಲ್ಲ ಹೊತ್ತ ಆ ಹೊಳೆಯ ವಾಸನೆ ನಾಯಂಡಹಳ್ಳಿಯಲ್ಲಿ ಬಸ್ಸು ಇಳಿದ ತಕ್ಷಣ ಮೂಗಿಗೆ ಬಡಿಯುತ್ತಿತ್ತು. ಅದೇ ಹೊಳೆಯ ಒಂದು ಕವಲಿನ ದಂಡೆಯಲ್ಲಿ ನಾವು ಗಿಡ ಗುರುತಿಸುವುದನ್ನು ಕಲಿತೆವು.

ನಮ್ಮ ಮೇಷ್ಟ್ರು ಒಬ್ಬೊಬ್ಬರ ಕೈಗೂ ಹತ್ತು ಪಟ್ಟು ಹಿಗ್ಗಿಸುವ ಮಸೂರ ಕೊಟ್ಟು, ಎಲೆಯ ಬೆನ್ನಿನ ರೋಮ ನೋಡದೆ ಹೆಸರು ಹೇಳಬಾರದು ಎನ್ನುತ್ತಿದ್ದರು. ಸೆಸಿಲ್ ಸಲ್ಡಾನಾ ಅವರ ಕರ್ನಾಟಕದ ಸಸ್ಯಸಂಪುಟದ ಮೊದಲ ಭಾಗ 1984ರಲ್ಲೇ ಬಂದಿತ್ತು, ಎರಡನೆಯದು 1996ರಲ್ಲಿ ಬಂತು. ಗ್ರಂಥಾಲಯದಲ್ಲಿ ಅದಕ್ಕಾಗಿ ಸರದಿ ನಿಲ್ಲುತ್ತಿದ್ದೆವು. ಮನೆಯಲ್ಲಿ ಮಾತ್ರ ನನ್ನ ಮಂಚದ ಪಕ್ಕ ಇರುತ್ತಿದ್ದದ್ದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಕಾಡಿನಲ್ಲಿ ಗಿಡ ಹುಡುಕಿಕೊಂಡು ಅಲೆಯುವುದು ಒಂದು ಬದುಕಾಗಬಲ್ಲದು ಎಂದು ನಮ್ಮ ಮನೆಯವರಿಗೆ ಒಪ್ಪಿಸಿದ್ದು ಆ ಪುಸ್ತಕವೇ. ನನ್ನ ತಂದೆ ಅದನ್ನು ಓದಿ ಮುಗಿಸಿದ ಮೇಲೆ ಬ್ಯಾಂಕ್ ಪರೀಕ್ಷೆಯ ಮಾತು ಎತ್ತಲಿಲ್ಲ.

ಕೆಂಗೇರಿಯ ಆ ಜಾಗಕ್ಕೆ ಬರುತ್ತೇನೆ. 2006ರ ಅಧಿಸೂಚನೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕೊಮ್ಮಘಟ್ಟ ದಾಟಿ ಸೂಲಿಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಖಾಸಗಿ ಬಡಾವಣೆ ಬರುವುದಿತ್ತು. ಅದಕ್ಕೆ ಅನುಮತಿ ಪಡೆಯಲು ತುಂಬಬೇಕಿದ್ದ ನಮೂನೆಯಲ್ಲಿ ಸಸ್ಯಗಳ ಬಗ್ಗೆ, ಪ್ರಾಣಿಗಳ ಬಗ್ಗೆ, ಅಲ್ಲಿನ ಜೀವಪರಿಸರದ ವಿಶೇಷವೇನು ಎಂಬ ಬಗ್ಗೆ ಪ್ರಶ್ನೆಗಳಿದ್ದವು. ಅವಕ್ಕೆ ಉತ್ತರ ಬರೆಯಲು ಹೋದವನು ನಾನು. ನೆಲದ ಮುಕ್ಕಾಲು ಪಾಲು ಒಂದು ಕಾಲದ ಗೋಮಾಳ, ಉಳಿದದ್ದು ಬಿತ್ತನೆ ಬಿಟ್ಟ ರಾಗಿ ಹೊಲ. ನಡುವೆ ಆನೆಯ ಬೆನ್ನಿನಂತೆ ಎದ್ದ ಹಾಸುಬಂಡೆ. ಕುರುಚಲಿನಲ್ಲಿ ಕಾರೆ, ಕವಳೆ, ಎಲಚಿ, ಬಂದರಿಕೆ, ತಂಗಡಿ. ಮೂಲೆಯಲ್ಲಿ ಈಚಲು ಮೆಳೆ. ಬದುವಿನ ಮುತ್ತುಗ ಅಷ್ಟೂ ಎಲೆ ಉದುರಿಸಿ ಕೆಂಡದ ಬಣ್ಣದ ಹೂ ಹೊತ್ತಿತ್ತು. ನಾಲ್ಕಾರು ಶ್ರೀಗಂಧದ ಸಸಿಗಳು ಕಾರೆ ಪೊದೆಗಳ ಒಳಗೆ ಬೆಳೆದು ನಿಂತಿದ್ದವು. ಗಂಧ ಒಂಟಿಯಾಗಿ ಬದುಕುವ ಮರವಲ್ಲ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ತಗುಲಿಸಿ ನೀರು, ಲವಣ ಎಳೆದುಕೊಳ್ಳುತ್ತದೆ. ಹಾಗಾಗಿ ಗಂಧವನ್ನು ಉಳಿಸಿ ಪೊದೆ ತೆಗೆಯುತ್ತೇವೆ ಎನ್ನುವ ಮಾತಿಗೆ ಅರ್ಥವಿಲ್ಲ.

ಕೆಲಸದ ಕ್ರಮ ಹೀಗೆ. ಮರಗಳಿಗೆ ಇಪ್ಪತ್ತು ಮೀಟರ್ ಚೌಕ, ಪೊದೆಗಳಿಗೆ ಐದು ಮೀಟರ್, ಹುಲ್ಲು ಸೊಪ್ಪಿಗೆ ಒಂದು ಮೀಟರ್. ಹಗ್ಗ ಕಟ್ಟಿ, ಒಳಗಿರುವುದನ್ನೆಲ್ಲ ಎಣಿಸಿ, ಎದೆ ಎತ್ತರದಲ್ಲಿ ಮರದ ಸುತ್ತಳತೆ ತೆಗೆದು ಬರೆದುಕೊಳ್ಳಬೇಕು. ಗುರುತು ಸಿಗದ್ದನ್ನು ದಿನಪತ್ರಿಕೆಯ ಹಾಳೆಗಳ ನಡುವೆ ಒತ್ತಿ, ಹಲಗೆಗಳಿಗೆ ಬಿಗಿದು ಒಣಗಿಸಬೇಕು. ಆ ಮಾರ್ಚ್‌ನಲ್ಲಿ ಒಂದು ಮೀಟರ್ ಚೌಕಗಳು ಬಹುತೇಕ ಖಾಲಿ ಇದ್ದವು. ಒಣಹುಲ್ಲು, ಕುರಿಹಿಕ್ಕೆ, ಬಿರುಕು ಬಿಟ್ಟ ಕೆಂಪು ಮಣ್ಣು.

ಹಗ್ಗ ಹಿಡಿದುಕೊಂಡು ಖಾಲಿ ನೆಲದ ಮುಂದೆ ಕೂತಿದ್ದ ನಮ್ಮನ್ನು ಆ ಹಿರಿಯರು ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿರ ಬಂದು, “ಈಗೇನೈತೆ ಸ್ವಾಮಿ ಇಲ್ಲಿ? ರೋಣಿ ಮಳೆ ಬಿದ್ದ ಮ್ಯಾಕೆ ಬನ್ನಿ. ಉಬ್ಬೆ ಮಳೇಲಿ ಇನ್ನೊಂದ್ ಸಲ ಬನ್ನಿ. ಆಗ ತೋರುಸ್ತೀನಿ” ಎಂದರು. ತಮ್ಮ ಕೋಲಿನಿಂದ ಬಂಡೆಯ ಪಡುವಲ ಮಗ್ಗುಲು ತೋರಿಸಿ, ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ಹೂ ಕೊಯ್ಯಲು ಬರುವುದು ಅಲ್ಲಿಗೇ ಎಂದರು. ಕುರಿ ಯಾವ ತಿಂಗಳಲ್ಲಿ ಯಾವ ಇಳಿಜಾರಿನಲ್ಲಿ ಮೇಯಬೇಕು, ಯಾವ ಗಡ್ಡೆ ಚಿಗುರಿದಾಗ ಮರಿಗಳನ್ನು ಆ ಕಡೆ ಬಿಡಬಾರದು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಅವರು ಹೇಳಿದ ಆ ವರ್ಷಚಕ್ರದಷ್ಟು ಒಳ್ಳೆಯ ಸಮೀಕ್ಷಾ ಪಟ್ಟಿಯನ್ನು ನಾನು ಯಾವ ಕೈಪಿಡಿಯಲ್ಲೂ ಕಂಡಿಲ್ಲ.

ಮಳೆಗಾಲದಲ್ಲಿ ಮತ್ತೆ ಬರುತ್ತೇನೆಂದು ಕೇಳಿದ್ದಕ್ಕೆ ಕೆಲಸ ಕೊಟ್ಟವರು ಹಣವಿಲ್ಲ ಎಂದರು. ನನ್ನ ಪಾಡಿಗೆ ನಾನು ಹೋದೆ. ಬಸವೇಶ್ವರನಗರದ ಗೆಳೆಯನೊಬ್ಬನ ಸ್ಕೂಟರು, ಮಂಡಿಯವರೆಗೆ ರಬ್ಬರ್ ಬೂಟು.

ರೋಹಿಣಿ ಮಳೆ ಜೋರಾಗಿ ಸುರಿದ ರಾತ್ರಿ ಹಾಸುಬಂಡೆಯ ಬುಡದ ಗುಂಡಿಗಳಲ್ಲಿ ಬಿಲಗಪ್ಪೆಗಳು ಕೂಗುತ್ತಿದ್ದವು. ಮಾತಾಡಿದರೆ ಪಕ್ಕದವನಿಗೆ ಕೇಳಿಸದಷ್ಟು ಗದ್ದಲ. ವರ್ಷದ ಹೆಚ್ಚಿನ ಕಾಲ ಇವು ಮಣ್ಣಿನೊಳಗೇ ಇರುತ್ತವೆ. ಮೈ ಗುಂಡಗೆ, ಮೂತಿ ಮೊಂಡು. ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ. ಹಿಂಗಾಲಿನ ಹಿಮ್ಮಡಿಯ ಹತ್ತಿರ ಚೂಪು ಅಂಚಿನ ಗಟ್ಟಿ ಗಂಟೊಂದಿತ್ತು. ಕೆಳಗೆ ಬಿಟ್ಟೊಡನೆ ಆ ಗಂಟಿನಿಂದ ಮಣ್ಣನ್ನು ಎಡಕ್ಕೂ ಬಲಕ್ಕೂ ಸರಿಸುತ್ತ, ಮುಖ ನಮ್ಮ ಕಡೆಗೇ ಇಟ್ಟುಕೊಂಡು, ಹಿಂದುಹಿಂದಾಗಿ ನೆಲಕ್ಕೆ ಇಳಿಯಿತು. ಕೊನೆಗೆ ಕಣ್ಣುಗಳೆರಡೇ ಉಳಿದವು, ಆಮೇಲೆ ಅವೂ ಇಲ್ಲ. ಆ ಗುಂಡಿಗಳಲ್ಲಿ ಇಟ್ಟ ಮೊಟ್ಟೆ ಗೊದಮೊಟ್ಟೆಯಾಗಿ, ಗೊದಮೊಟ್ಟೆಗೆ ಕಾಲು ಮೂಡಿ, ನೀರು ಆರುವುದರೊಳಗೆ ಎಲ್ಲ ಮುಗಿಯಬೇಕು. ಮಾರ್ಚ್‌ನ ನನ್ನ ಪಟ್ಟಿಯಲ್ಲಿ ಉಭಯಚರಿಗಳ ಸಾಲಿನ ಮುಂದೆ ಗೆರೆ ಎಳೆದಿತ್ತು.

ಇಂಥ ಕಪ್ಪೆಗಳ ವಿಷಯದಲ್ಲಿ ನಮಗೆ ಎಷ್ಟು ಗೊತ್ತಿರಲಿಲ್ಲ ಎಂಬುದು ಆಮೇಲೆ ಜಗತ್ತಿಗೇ ತಿಳಿಯಿತು. 2020ರಲ್ಲಿ ಬೆಂಗಳೂರಿನ ಉತ್ತರದ ಹೊರವಲಯದಲ್ಲಿ ಸಿಕ್ಕ ಬಿಲಗಪ್ಪೆಯೊಂದನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿ ಸ್ಫೆರೋಥೀಕಾ ಬೆಂಗಳೂರು ಎಂದು ಹೆಸರಿಟ್ಟರು. ಒಂದು ಕೋಟಿಗೂ ಹೆಚ್ಚು ಜನ ಬದುಕುವ ಊರಿನ ಅಂಚಿನಲ್ಲಿ ಹೆಸರಿಲ್ಲದ ಕಪ್ಪೆ ಅಷ್ಟು ದಿನ ಇತ್ತು. ನಮ್ಮ ಕೆಂಗೇರಿಯ ಕಪ್ಪೆ ಯಾವ ಪ್ರಭೇದ ಎಂದು ಈಗ ಹೋಗಿ ನೋಡೋಣವೆಂದರೆ ಆ ಗುಂಡಿಗಳಿಲ್ಲ.

ಉಬ್ಬೆ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರ, ನೆಲದ ಚಹರೆಯೇ ಬದಲಾಗಿತ್ತು. ಬೆಂಗಳೂರಿಗೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಬರುವ ತಿಂಗಳು ಅದೇ. ಕಾರೆ ಪೊದೆಗಳ ಮೇಲೆ ಗೌರಿ ಹೂವಿನ ಬಳ್ಳಿ ಹಬ್ಬಿ, ಎಲೆಯ ತುದಿಯನ್ನೇ ಬಳ್ಳಿಗೈಯಾಗಿ ಸುರುಳಿ ಸುತ್ತಿಕೊಂಡು ಮೇಲೇರಿತ್ತು. ಹೂದಳದ ತುದಿ ಕೆಂಪು, ಬುಡ ಹಳದಿ. ಕೊಲ್ಚಿಸಿನ್ ಎಂಬ ಔಷಧಕ್ಕಾಗಿ ಇದರ ಗಡ್ಡೆ ಬೀಜಗಳನ್ನು ಅಗೆದು, ಕಿತ್ತು ಮಾರುವುದರಿಂದ ಊರ ಸುತ್ತ ಇದು ಕಡಿಮೆಯಾಗುತ್ತ ಬಂದಿದೆ. ಮರಿಗಳನ್ನು ಬಿಡಬಾರದು ಎಂದು ಹಿರಿಯರು ಹೇಳಿದ್ದ ಗಡ್ಡೆಯೂ ಇದೇ, ಇದು ವಿಷ.

ಬಂಡೆಯ ನೆರಳಿನ ತೇವದ ಮಣ್ಣಿನಲ್ಲಿ ಜೋಡಿ ಎಲೆಗಳು ನೆಲಕ್ಕೆ ಅಂಟಿಕೊಂಡು ಬಿದ್ದಿದ್ದವು, ಅವುಗಳ ನಡುವಿನಿಂದ ಬಿಳಿ ಹೂಗೊಂಚಲು ಎದ್ದಿತ್ತು. ಹೆಬನೇರಿಯ ಜಾತಿಯ ನೆಲಸೀತಾಳೆ. ಇದರ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಆಹಾರವೇ ಇರುವುದಿಲ್ಲ. ಮಣ್ಣಿನಲ್ಲಿರುವ ನಿರ್ದಿಷ್ಟ ಶಿಲೀಂಧ್ರ ಬಂದು ಕೂಡಿಕೊಂಡರೆ ಮಾತ್ರ ಮೊಳಕೆ. ಗಿಡ ಕಿತ್ತು ಬೇರೆಡೆ ನೆಡುತ್ತೇವೆ ಎಂದು ವರದಿಗಳಲ್ಲಿ ಸಲೀಸಾಗಿ ಬರೆಯುತ್ತಾರೆ. ಶಿಲೀಂಧ್ರವಿರುವ ಮಣ್ಣನ್ನು, ಆ ನೆರಳನ್ನು, ಆ ಜಿನುಗು ನೀರನ್ನು ಯಾರು ಕಿತ್ತು ನೆಡುತ್ತಾರೆ?

ಆ ನೆಲದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹಾಸುಬಂಡೆಯ ಮೇಲೆ ನೀರು ಜಿನುಗುವ ಜಾಗ. ಬೆರಳಿನ ದಪ್ಪದಷ್ಟೂ ಮಣ್ಣಿಲ್ಲದ ಅಲ್ಲಿ ರೂಪಾಯಿ ನಾಣ್ಯದಗಲದ ಕೆಂಪು ಗಿಡಗಳು ಹರಡಿಕೊಂಡಿದ್ದವು. ಡ್ರಾಸೆರಾ ಬರ್ಮನಿ. ಮಂಡಿಯೂರಿ, ಮಸೂರ ಹಿಡಿದು ನೋಡಿದರೆ ಒಂದೊಂದು ಎಲೆಯ ಅಂಚಿನಲ್ಲೂ ರೋಮ, ಒಂದೊಂದು ರೋಮದ ತುದಿಯಲ್ಲೂ ಹೊಳೆಯುವ ಅಂಟು ಹನಿ. ಕಣ್ಣಿಗೆ ಕಾಣುವುದೇ ಕಷ್ಟವೆನಿಸುವಂಥ ನೊರಜೊಂದು ಬಂದು ಕೂತಿತು. ಕಾಲು ಸಿಕ್ಕಿತು, ಕೊಸರಿತು. ನಾವು ನೋಡುತ್ತಿದ್ದಂತೆಯೇ ಅಂಚಿನ ಉದ್ದ ರೋಮಗಳು ಒಳಕ್ಕೆ ಬಾಗಿ ಅದನ್ನು ಎಲೆಯ ನಡುವಿಗೆ ದೂಡಿದವು. ಬಂಡೆಯ ಮೇಲಿನ ನೀರಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಅದನ್ನು ಈ ಗಿಡ ಹುಳುವಿನ ಮೈಯಿಂದ ಪಡೆಯುತ್ತದೆ. ಚಾರ್ಲ್ಸ್ ಡಾರ್ವಿನ್ ಇದರ ಸೋದರ ಪ್ರಭೇದವೊಂದರ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಆ ಗಿಡದ ಬಂಧು ಕೆಂಗೇರಿಯಲ್ಲಿ, ಕುರಿ ದಾಟುವ ಬಂಡೆಯ ಮೇಲೆ ಬೆಳೆಯುತ್ತಿತ್ತು. ಗೆಳೆಯ ಎಷ್ಟು ಹೊತ್ತಾದರೂ ಮೇಲೇಳಲಿಲ್ಲ. ಅವನು ಲೆಕ್ಕಪರಿಶೋಧಕ, ಗಿಡಗಳ ಗೊಡವೆಯೇ ಇಲ್ಲದವನು.

ಇವೆಲ್ಲವನ್ನೂ ಬರೆದು, ಚಿತ್ರ ಸಮೇತ ಅನುಬಂಧವಾಗಿ ಕೊಟ್ಟೆ. ಸಲ್ಲಿಕೆಯಾದ ವರದಿಯಲ್ಲಿ ಅನುಬಂಧ ಇರಲಿಲ್ಲ. ಅಪರೂಪದ, ಅಳಿವಿನಂಚಿನ ಸಸ್ಯಗಳು ಕಂಡುಬಂದಿಲ್ಲ ಎಂಬ ಒಂದು ಸಾಲು ಇತ್ತು. ಕಾನೂನಿನ ಅಕ್ಷರಕ್ಕೆ ಅದು ಸರಿಯಾಗಿಯೇ ಹೊಂದುತ್ತಿತ್ತು ಎಂಬುದು ನನ್ನನ್ನು ಇನ್ನಷ್ಟು ನೋಯಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆರನೆಯ ಅನುಸೂಚಿಯಲ್ಲಿ ಆಗ ಸಸ್ಯಗಳೆಂದು ಇದ್ದದ್ದು ಆರೇ ನಮೂದುಗಳು. ಬೆಡ್ಡೋಮ್ ಸೈಕಾಸ್, ನೀಲಿ ವಾಂಡಾ, ಕೆಂಪು ವಾಂಡಾ, ಕುತ್, ಲೇಡೀಸ್ ಸ್ಲಿಪರ್ ಆರ್ಕಿಡ್‌ಗಳು, ಹೂಜಿ ಗಿಡ. ಮೇಘಾಲಯದ ಹೂಜಿ ಗಿಡ, ಹಿಮಾಲಯದ ಕುತ್ ಕೊಮ್ಮಘಟ್ಟದಲ್ಲಿ ಸಿಗುವುದುಂಟೆ? 2022ರ ತಿದ್ದುಪಡಿ ಅನುಸೂಚಿಗಳನ್ನು ಹೊಸದಾಗಿ ಜೋಡಿಸಿತು. ಇತ್ತ ನಮ್ಮ ರಾಜ್ಯದ 1976ರ ಮರ ಸಂರಕ್ಷಣಾ ಕಾಯ್ದೆ, ಹೆಸರೇ ಹೇಳುವಂತೆ, ಮರಗಳದ್ದು. ಒಂದು ಮರ ಕಡಿಯಲು ಅರ್ಜಿ ಬೇಕು, ನೆಲಸೀತಾಳೆಯ ಇಡೀ ಇಳಿಜಾರನ್ನು ಜೆಸಿಬಿ ಒಂದು ಬೆಳಗಿನಲ್ಲಿ ಕೆರೆದು ಹಾಕಲು ಯಾರನ್ನೂ ಕೇಳಬೇಕಿಲ್ಲ.

ಬಡಾವಣೆ ಆಯಿತು. ಅದರ ಸುತ್ತಲೂ ಆಯಿತು. ನಾಡಪ್ರಭು ಕೆಂಪೇಗೌಡ ಬಡಾವಣೆಗೆಂದು ಮೈಸೂರು ರಸ್ತೆ, ಮಾಗಡಿ ರಸ್ತೆಗಳ ನಡುವಿನ ನಾಲ್ಕು ಸಾವಿರ ಎಕರೆಗೂ ಹೆಚ್ಚು ನೆಲ ಗುರುತಾಯಿತು. 2021ರ ಆಗಸ್ಟ್ ಕೊನೆಗೆ ಕೆಂಗೇರಿಗೆ ಮೆಟ್ರೊ ಬಂತು, ಆಮೇಲೆ ಚಲ್ಲಘಟ್ಟಕ್ಕೆ ಮುಂದುವರಿಯಿತು. ಜನರಿಗೆ ಮನೆ ಬೇಕು, ನನಗೂ ಬೇಕಿತ್ತು. ನಾನು ಈಗ ಇರುವುದೂ ಹಾಗೆ ಎದ್ದ ಒಂದು ಬಡಾವಣೆಯಲ್ಲೇ. ನನ್ನ ಮಾತು ಇಷ್ಟೇ: ಆ ಹಾಸುಬಂಡೆ, ಅದರ ಬುಡದ ನಾಲ್ಕು ಗುಂಡಿ, ಪಡುವಲ ಇಳಿಜಾರು, ಇಷ್ಟನ್ನು ಉದ್ಯಾನಕ್ಕೆಂದು ಹೇಗೂ ಬಿಡಬೇಕಿದ್ದ ಜಾಗದಲ್ಲೇ ಸೇರಿಸಬಹುದಿತ್ತು. ಎಲ್ಲಿ ಏನಿದೆ ಎಂದು ನಕಾಶೆ ಎಳೆಯುವ ಮೊದಲು ಗೊತ್ತಿರಬೇಕಿತ್ತು. ಉದ್ಯಾನದ ಜಾಗದಲ್ಲಿ ಈಗ ಕೊರಿಯನ್ ಹುಲ್ಲು ಹಾಸಿದೆ.

ಮರವಿಲ್ಲದ ನೆಲವನ್ನು ಬರಿದು ಎಂದೇ ಕಾಣುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದರಿಂದಲೇ ಕಾವಲುಗಳಿಗೆಲ್ಲ ನೀಲಗಿರಿ ಬಂತು. 2021ರ ಆರಂಭದಲ್ಲಿ ತುರಹಳ್ಳಿಯ ಕುರುಚಲು ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಸುತ್ತಲಿನ ಜನ ಒಟ್ಟಾಗಿ ನಿಂತು ವಿರೋಧಿಸಿದರು, ಯೋಜನೆ ನಿಂತಿತು. ಅವರ ಗುಂಪಿನಲ್ಲಿ ಒಂದು ಬೆಳಿಗ್ಗೆ ನಾನೂ ಇದ್ದೆ. ಕುರುಚಲು ಕಾಡು ಹೇಗಿದೆಯೋ ಹಾಗೇ ಇರಲಿ ಎಂದು ಮಕ್ಕಳು ಕನ್ನಡದಲ್ಲಿ ಬರೆದ ಫಲಕ ಹಿಡಿದು ನಿಂತದ್ದನ್ನು ನೋಡಿ, ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದದ್ದು ಸಾರ್ಥಕವೆನಿಸಿತು.

ಬ್ರಿಟನ್‌ನಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಎಂಬ ಉಭಯಚರಿಯೊಂದಿದೆ. ಅದು ಇರಬಹುದಾದ ಕೊಳದ ಬಳಿ ಮನೆ ಕಟ್ಟುವವರು ಮಾರ್ಚ್ ಮಧ್ಯದಿಂದ ಜೂನ್ ಮಧ್ಯದೊಳಗೆ, ಅದು ನೀರಿಗೆ ಬರುವ ಕಾಲದಲ್ಲೇ, ಕೊಳದ ಸಮೀಕ್ಷೆ ಮಾಡಿಸುವುದು ರೂಢಿ. ಕಾಲ ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕಾಗಬಹುದು. ಕಟ್ಟುವವರು ಗೊಣಗುತ್ತಾರೆ, ಆದರೂ ಕಾಯುತ್ತಾರೆ. ನಮ್ಮಲ್ಲಿ ಅದಕ್ಕೆ ಬೇರೆ ದೇಶದ ಕೈಪಿಡಿಯೂ ಬೇಡ. ಭರಣಿ, ರೋಹಿಣಿ, ಉಬ್ಬೆ, ಚಿತ್ತೆ ಎಂದು ಪಂಚಾಂಗದಲ್ಲೇ ಬರೆದಿದೆ.

ಕಾಡುಪಾಪದ ವಿಷಯದಲ್ಲಿ ಋತುವಿನ ಜೊತೆಗೆ ಹೊತ್ತೂ ಮುಖ್ಯ. ಹಗಲಿನಲ್ಲಿ ಅದು ಮುಳ್ಳುಪೊದೆಯ ಸಂದಿಯಲ್ಲಿ ಮುದುಡಿ ಮಲಗಿರುತ್ತದೆ. ರಾತ್ರಿ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ನಿಧಾನ ನಡೆದರೆ ಕಣ್ಣು ಕಿತ್ತಳೆ ಕೆಂಡವಾಗಿ ಹೊಳೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಇದೆ. 2014ರಲ್ಲಿ ಬೆಂಗಳೂರಿನ ಕಾಡುಪಾಪಗಳನ್ನು ಹುಡುಕಲು ನಾಗರಿಕರೇ ಕೈಜೋಡಿಸಿದ ಯೋಜನೆಯೊಂದು ಶುರುವಾಗಿ, ಎಷ್ಟೋ ಜನ ಮೊದಲ ಸಲ ತಮ್ಮೂರಿನ ಮರಗಳನ್ನು ರಾತ್ರಿ ನೋಡಿದರು. ಕಾಡುಪಾಪ ಜಿಗಿಯಲಾರದು. ಕೊಂಬೆಯಿಂದ ಕೊಂಬೆಗೆ ಕೈ ಚಾಚಿ ದಾಟುತ್ತದೆ. ಎರಡು ಮರಗಳ ನಡುವೆ ರಸ್ತೆ ಅಗಲವಾದರೆ ಅದರ ದಾರಿ ಅಲ್ಲಿಗೆ ಮುಗಿಯಿತು. ಹಗಲು ಮಾತ್ರ ತಿರುಗಿ ಬರೆದ ಪಟ್ಟಿಯಲ್ಲಿ ಅದು ಬರುವುದೇ ಇಲ್ಲ, ಬಾರದೆ ಇದ್ದದ್ದಕ್ಕಾಗಿ ಮರಗಳ ಸಾಲು ಉಳಿಸಬೇಕೆಂದು ಯಾರೂ ಕೇಳುವುದೂ ಇಲ್ಲ.

ಹತ್ತು ವರ್ಷಗಳಿಂದ ನಾನು ಬರೆದ ಪ್ರತಿ ವರದಿಯ ಮೊದಲ ಪುಟದಲ್ಲೇ ಯಾವ ತಿಂಗಳಲ್ಲಿ ನೋಡಿದ್ದು, ಯಾವ ತಿಂಗಳಲ್ಲಿ ನೋಡಿಲ್ಲ, ನೋಡದ ತಿಂಗಳಲ್ಲಿ ಏನೇನು ಸಿಗಬಹುದು ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಅದನ್ನು ತೆಗೆದರೆ ನನ್ನ ಸಹಿಯನ್ನೂ ತೆಗೆಯಬೇಕೆಂದು ಒಪ್ಪಂದದಲ್ಲಿ ಸೇರಿಸಿದ್ದೇನೆ. ಇದರಿಂದ ಕೆಲಸ ಕಡಿಮೆಯಾಗಿದೆ. ಆದರೆ ಈ ವರ್ಷ ತಾವರೆಕೆರೆಯಾಚೆ ಜಮೀನಿರುವ ಒಬ್ಬರು ಮನೆ ಕಟ್ಟುವ ಮೊದಲು ಪೂರಾ ಒಂದು ವರ್ಷ ನೋಡಿ ಹೇಳಿ ಎಂದು ಕರೆದಿದ್ದಾರೆ. ಜ್ಞಾನಭಾರತಿಯ ಇಬ್ಬರು ವಿದ್ಯಾರ್ಥಿನಿಯರು ಜೊತೆಗೆ ಬರುತ್ತಿದ್ದಾರೆ. ಅಲ್ಲಿಯೂ ಒಂದು ಹಾಸುಬಂಡೆ ಇದೆ. ಭರಣಿಗೆ ಕಪ್ಪೆ, ಆರಿದ್ರೆಗೆ ಚಿಗುರು, ಉಬ್ಬೆಗೆ ಗೌರಿ ಹೂ ಮತ್ತು ನೆಲಸೀತಾಳೆ, ಚಿತ್ತೆಗೆ ಜಿನುಗಿನ ಡ್ರಾಸೆರಾ, ಅಮಾವಾಸ್ಯೆಯ ರಾತ್ರಿಗಳಲ್ಲಿ ಕಾಡುಪಾಪ ಎಂದು ಅವರಿಬ್ಬರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಆ ಊರಿನಲ್ಲಿ ಇನ್ನೂ ಕುರಿ ಮೇಯಿಸುವವರು ಯಾರಿದ್ದಾರೆ ಎಂದು ಕೇಳಿಕೊಂಡು ಬರಲು ಅವರನ್ನು ಮೊದಲು ಕಳಿಸಿದ್ದೇನೆ.